ಬೆಟ್ಟ ಹತ್ತುವ ಮಗುವಿನ ಮೀಸಲು

ಫ್ರಾನ್ಸಿನ ಕ್ಲೆರ್ಮೋಂ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ರಾಟೆಲ್ ಮತ್ತು ಸಂಗಡಿಗರು ಮೂರು ಬಗೆಯ ಜನರನ್ನು ಪ್ರಯೋಗಾಲಯದ ಸೈಕಲ್ ಹತ್ತಿಸಿ, ಏದುಸಿರು ಬರುವ ತನಕ ತುಳಿಸಿ ನೋಡಿದರು. ಮೊದಲ ಗುಂಪಿನಲ್ಲಿ 8ರಿಂದ 12 ವರ್ಷದ ಹುಡುಗರಿದ್ದರು. ಎರಡನೆಯದರಲ್ಲಿ ಆರೋಗ್ಯವಂತರಾದರೂ ತರಬೇತಿಯಿಲ್ಲದ ಗಂಡಸರು, ಮೂರನೆಯದರಲ್ಲಿ ದೂರದ ಓಟ, ಸೈಕ್ಲಿಂಗ್, ಟ್ರಯಥ್ಲಾನ್‌ಗಳಲ್ಲಿ ರಾಷ್ಟ್ರಮಟ್ಟದ ಸ್ಪರ್ಧಿಗಳು. 2018ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರು ಹುಬ್ಬೇರಿಸುವಂತೆ ಮಾಡಿತು. ಅರ್ಧ ನಿಮಿಷ ಪೂರ್ತಿ ಬಲ ಹಾಕಿ ತುಳಿಯುವಾಗ ಸಾಮಾನ್ಯ ಗಂಡಸರ ಶಕ್ತಿ ಸರ್ರನೆ ಕುಸಿದರೆ, ಹುಡುಗರ ಕುಸಿತ ಪಳಗಿದ ಸ್ಪರ್ಧಿಗಳ ಕುಸಿತದಷ್ಟೇ ಇತ್ತು. ತುಳಿದು ನಿಲ್ಲಿಸಿದ ಮೇಲೆ ಎದೆಬಡಿತ ತಗ್ಗುವುದರಲ್ಲಿ, ರಕ್ತದಲ್ಲಿ ಸೇರಿದ ಲ್ಯಾಕ್ಟೇಟ್ ಕರಗುವುದರಲ್ಲಿ ಹುಡುಗರು ಆ ಸ್ಪರ್ಧಿಗಳನ್ನೂ ಹಿಂದೆ ಹಾಕಿದರು. ಕಾರಣ ಅವರ ಸ್ನಾಯುಗಳು ಕೆಲಸ ಮಾಡುವ ರೀತಿಯಲ್ಲಿದೆ. ಹರೆಯಕ್ಕೆ ಮೊದಲಿನ ಸ್ನಾಯು ಬಲ ಬೇಕಾದಾಗಲೂ ಹೆಚ್ಚಾಗಿ ಆಮ್ಲಜನಕದ ದಾರಿಯನ್ನೇ ಹಿಡಿಯುತ್ತದೆ. ಆಮ್ಲಜನಕವಿಲ್ಲದೆ ತಕ್ಷಣಕ್ಕೆ ಬಲ ಕೊಟ್ಟು ಬೇಗ ಸೋಲುವ ಅಡ್ಡದಾರಿ ಅದಕ್ಕಿನ್ನೂ ಪೂರ್ತಿ ತೆರೆದಿರುವುದಿಲ್ಲ. ಪ್ರಯೋಗ ಚಿಕ್ಕದು, ಅದರಲ್ಲಿ ಹುಡುಗಿಯರಿರಲಿಲ್ಲ ಎಂಬುದನ್ನು ಮರೆಯಬಾರದು. ಆದರೂ ಸಂಜೆ ಆರಕ್ಕೆ ಆಟದ ಬಯಲಿನಿಂದ ಮಕ್ಕಳನ್ನು ಮನೆಗೆ ಕರೆತರಲು ಹೆಣಗುವ ಯಾವ ತಾಯಿಗೂ ಈ ಸಂಶೋಧನೆ ಹೊಸದೆನಿಸದು.

ಹಾಗಾದರೆ ಕಷ್ಟದ ಚಾರಣಕ್ಕೆ ಮಕ್ಕಳನ್ನು ಕರೆದೊಯ್ಯುವುದರಲ್ಲಿ ತೊಡಕೇನು? ಕಾಲಿನಲ್ಲಿ ಕಸುವಿದೆ, ಎದೆಯಲ್ಲಿ ಉಸಿರಿದೆ, ಉತ್ಸಾಹಕ್ಕಂತೂ ಬರವಿಲ್ಲ. ಹೀಗೆ ವಾದಿಸುವವರಿದ್ದಾರೆ. ಇದಕ್ಕೆ ಎದುರಾಗಿ, ಮಕ್ಕಳು ನಾಜೂಕು, ಬೆಟ್ಟಗುಡ್ಡ ಅವರಿಗಲ್ಲ ಎಂದು ಮೊದಲೇ ಬಾಗಿಲು ಹಾಕುವವರೂ ಇದ್ದಾರೆ. ಇಬ್ಬರೂ ಅಳೆಯುತ್ತಿರುವುದು ಮಗುವಿನ ಬಲವನ್ನು. ಅಳೆಯಬೇಕಾದದ್ದು ಮೀಸಲನ್ನು ಎಂಬುದು ಈ ಅಧ್ಯಾಯದ ವಾದ. ಶಾಖ, ನೀರು, ಆಹಾರ, ಅನುಭವ ಈ ನಾಲ್ಕೂ ದೊಡ್ಡವರ ಮೈಯಲ್ಲಿ ಒಂದಷ್ಟು ಕೂಡಿಟ್ಟಂತೆ ಇರುತ್ತವೆ. ಲೆಕ್ಕ ತಪ್ಪಿ ಎರಡು ಗಂಟೆ ತಡವಾದರೆ, ಮಳೆ ಬಂದರೆ, ಬುತ್ತಿ ಮುಗಿದರೆ ಆ ಕೂಡಿಟ್ಟದ್ದು ಕಾಪಾಡುತ್ತದೆ. ಮಗುವಿನಲ್ಲಿ ಆ ಕೂಡಿಟ್ಟದ್ದು ಬಹಳ ಕಡಿಮೆ. ಎಲ್ಲ ಸರಿಯಾಗಿ ನಡೆಯುವ ತನಕ ಮಗು ದೊಡ್ಡವರಿಗೆ ಸರಿಸಮ, ಕೆಲವೊಮ್ಮೆ ಮೇಲು. ಏನಾದರೂ ಎಡವಟ್ಟಾದರೆ ಸರಿಪಡಿಸಿಕೊಳ್ಳಲು ಸಿಗುವ ಸಮಯ ಮಾತ್ರ ತೀರ ಕಡಿಮೆ. ಹಾದಿ ಕಷ್ಟದ್ದೋ ಸುಲಭದ್ದೋ ಎಂಬುದನ್ನು ಕಿಲೋಮೀಟರು ಮತ್ತು ಎತ್ತರಗಳಲ್ಲಿ ಅಳೆಯುವ ನಮ್ಮ ರೂಢಿ ಈ ವ್ಯತ್ಯಾಸವನ್ನು ಹಿಡಿಯುವುದೇ ಇಲ್ಲ.

ಮೊದಲು ನಡಿಗೆಯನ್ನೇ ನೋಡೋಣ. 6ರಿಂದ 10 ವರ್ಷದ ಮಕ್ಕಳ ಚಲನವಲನವನ್ನು ಸೆಕೆಂಡುಗಳ ಲೆಕ್ಕದಲ್ಲಿ ಗುರುತಿಸಿಕೊಂಡ ಒಂದು ಅಧ್ಯಯನ ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾಯಿತು. ಮಕ್ಕಳ ಬಿರುಸಿನ ಚಟುವಟಿಕೆಯ ಸಾಮಾನ್ಯ ಅವಧಿ 3 ಸೆಕೆಂಡು, ಸಾಧಾರಣ ಚಟುವಟಿಕೆಯದ್ದು 6 ಸೆಕೆಂಡು ಎಂದು ಅದರಲ್ಲಿ ಕಂಡುಬಂತು. ಬಿರುಸಿನ ಚಟುವಟಿಕೆಗಳಲ್ಲಿ ನೂರಕ್ಕೆ 95 ಕಾಲು ನಿಮಿಷದೊಳಗೆ ಮುಗಿದಿದ್ದವು. ಓಡು, ನಿಲ್ಲು, ಬಗ್ಗಿ ನೋಡು, ಮತ್ತೆ ಓಡು ಎಂಬುದು ಮಗುವಿನ ಸಹಜ ಲಯ. ಬೇಗ ಚೇತರಿಸಿಕೊಳ್ಳುವ ಸ್ನಾಯುವಿಗೆ ಹೇಳಿ ಮಾಡಿಸಿದ ಲಯವದು. ದೊಡ್ಡವರ ಚಾರಣದ ಲಯ ಇದಕ್ಕೆ ತದ್ವಿರುದ್ಧ: ಒಂದೇ ವೇಗದಲ್ಲಿ ಗಂಟೆಗಟ್ಟಲೆ, ಸಾಲು ಮುರಿಯದಂತೆ. ಹೀಗಾಗಿ ಅಪ್ಪನ ಹಿಂದೆ ಒಂದೇ ಸಮನೆ ನಡೆಯುತ್ತಾ ‘ಕಾಲು ನೋವು’ ಎಂದು ಕೂತ ಮಗು ಐದು ನಿಮಿಷದಲ್ಲಿ ಚಿಟ್ಟೆಯ ಹಿಂದೆ ಓಡಿದರೆ ಅದು ನಾಟಕವಾಡಿತು ಎಂದು ಗದರಬೇಕಾಗಿಲ್ಲ. ಎರಡೂ ನಿಜ. ಹೊರಗಿನಿಂದ ಹೇರಿದ ಲಯದಲ್ಲಿ ಅದಕ್ಕೆ ನಿಜಕ್ಕೂ ಸುಸ್ತಾಗಿತ್ತು, ಬಿಟ್ಟ ಕೂಡಲೆ ನಿಜಕ್ಕೂ ಚೇತರಿಸಿಕೊಂಡಿತು.

ಇದರ ಜೊತೆಗೆ ಕಾಲಿನ ಉದ್ದದ ಪ್ರಶ್ನೆಯಿದೆ. ಹಡಗಿನ ಪುಟ್ಟ ಮಾದರಿಯನ್ನು ನೀರಿನಲ್ಲಿ ಎಳೆದು, ಪೂರ್ಣ ಗಾತ್ರದ ಹಡಗಿನ ವರ್ತನೆಯನ್ನು ಮುಂಗಾಣುವ ಸೂತ್ರವೊಂದನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ವಿಲಿಯಂ ಫ್ರೂಡ್ ಬಳಕೆಗೆ ತಂದರು. ಅದೇ ಸೂತ್ರ ನಡಿಗೆಗೂ ಹೊಂದುತ್ತದೆ: ಎರಡು ದೇಹಗಳ ನಡಿಗೆ ಸಮಾನವೆನಿಸಬೇಕಾದರೆ ಅವುಗಳ ವೇಗ ಕಾಲಿನ ಉದ್ದದ ವರ್ಗಮೂಲಕ್ಕೆ ತಕ್ಕಂತೆ ಬದಲಾಗಬೇಕು. ದೊಡ್ಡವರ ಕಾಲು 90 ಸೆಂ.ಮೀ., ಆರು ವರ್ಷದ ಮಗುವಿನದ್ದು 55 ಸೆಂ.ಮೀ. ಎಂದಿಟ್ಟುಕೊಂಡರೆ, ದೊಡ್ಡವರು ಗಂಟೆಗೆ 5 ಕಿ.ಮೀ. ನಡೆಯುವಷ್ಟೇ ಆರಾಮವಾಗಿ ಮಗು ನಡೆಯಬಲ್ಲದ್ದು ಸುಮಾರು 4 ಕಿ.ಮೀ. ಐದು ವರ್ಷದವರಿಂದ ಮೂವತ್ತರ ಹರೆಯದವರವರೆಗೆ ನಾನಾ ಎತ್ತರದವರನ್ನು ನಡೆಸಿ ಪೀಟರ್ ವೇಯಾಂಡ್ ತಂಡ 2010ರಲ್ಲಿ ಪ್ರಕಟಿಸಿದ ಅಳತೆಗಳೂ ಇದನ್ನೇ ಹೇಳುತ್ತವೆ. ಎತ್ತರಕ್ಕೆ ತಕ್ಕ ವೇಗದಲ್ಲಿ ನಡೆದರೆ ಒಂದೊಂದು ಹೆಜ್ಜೆಗೆ ಪ್ರತಿ ಕಿಲೋ ತೂಕಕ್ಕೆ ಆಗುವ ಶಕ್ತಿಯ ಖರ್ಚು ಎಲ್ಲರಿಗೂ ಹೆಚ್ಚುಕಡಿಮೆ ಒಂದೇ. ಮಗುವಿನ ನಡಿಗೆಯಲ್ಲಿ ದೋಷವಿಲ್ಲ, ಅದೇ ದೂರಕ್ಕೆ ಅದು ಇಡಬೇಕಾದ ಹೆಜ್ಜೆಗಳು ಹೆಚ್ಚು, ಅಷ್ಟೆ.

ಏರು ಹಾದಿಯಲ್ಲಿ ಲೆಕ್ಕ ತುಸು ತಿರುಗುತ್ತದೆ. ಮೇಲೇರಲು ಬೇಕಾದ ಕೆಲಸ ತೂಕಕ್ಕೆ ನೇರ ಅನುಪಾತದಲ್ಲಿದೆ, ಕಾಲಿನ ಉದ್ದ ಅಲ್ಲಿ ಬರುವುದಿಲ್ಲ. 20 ಕಿಲೋ ಮಗು 20 ಕಿಲೋವನ್ನಷ್ಟೇ ಎತ್ತಬೇಕು, ಪ್ರತಿ ಕಿಲೋಗೆ ಸಿಗುವ ಆಮ್ಲಜನಕದಲ್ಲಿ ಅದು ತರಬೇತಿಯಿಲ್ಲದ ಅಪ್ಪನಿಗಿಂತ ಹಿಂದಿಲ್ಲ. 1972ರಲ್ಲಿ ಇಲಿ ಮತ್ತು ಚಿಂಪಾಂಜಿಗಳನ್ನು ಇಳಿಜಾರಿನ ಟ್ರೆಡ್‌ಮಿಲ್ ಮೇಲೆ ಓಡಿಸಿದ ಒಂದು ಪ್ರಸಿದ್ಧ ಪ್ರಯೋಗ, ಚಿಕ್ಕ ಪ್ರಾಣಿಗಳಿಗೆ ಏರುವುದರಿಂದಾಗುವ ಹೆಚ್ಚುವರಿ ಖರ್ಚು ಗಣನೆಗೇ ಬಾರದಷ್ಟು ಕಡಿಮೆ ಎಂದು ತೋರಿಸಿತು. ಅಳಿಲು ತೆಂಗಿನ ಮರವನ್ನು ಸಮತಟ್ಟಾದ ಅಂಗಳದಂತೆ ಬಳಸುವುದರ ಹಿಂದಿನ ಗುಟ್ಟೂ ಇದೇ. ಮಗು ಇಲಿಯಲ್ಲ, ಆದರೆ ಏರಿನಲ್ಲಿ ಅದಕ್ಕೆ ಅನ್ಯಾಯವಾಗುವುದಿಲ್ಲ ಎಂಬಷ್ಟು ಮಾತು ನಿಲ್ಲುತ್ತದೆ. ಅನ್ಯಾಯವಾಗುವುದು ಮೆಟ್ಟಿಲುಗಳಲ್ಲಿ. ಬಂಡೆ ಅಥವಾ ಬೇರು 40 ಸೆಂ.ಮೀ. ಎತ್ತರಕ್ಕೆ ಎದ್ದಿದ್ದರೆ ದೊಡ್ಡವರಿಗೆ ಅದು ಮೊಣಕಾಲಿನ ಕೆಳಗಿನ ಮೆಟ್ಟಿಲು. ಮಗುವಿನ ಕಾಲಿಗೆ ಹೋಲಿಸಿದರೆ ಅದು ದೊಡ್ಡವರು 65 ಸೆಂ.ಮೀ. ಹತ್ತಿದ್ದಕ್ಕೆ ಸಮ. ನಡಿಗೆ ಅಲ್ಲಿಗೆ ಮುಗಿದು ಕೈ ಊರಿ ಹತ್ತುವ ಕೆಲಸ ಶುರುವಾಗುತ್ತದೆ.

ಈ ಲೆಕ್ಕವನ್ನು ಒಂದು ನಿಜವಾದ ಹಾದಿಗೆ ಹಚ್ಚಿ ನೋಡಬಹುದು. ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತದ ತುದಿಗೆ ಸುಮಾರು 13 ಕಿ.ಮೀ. ಊರು ಸಮುದ್ರಮಟ್ಟದಿಂದ ನೂರಿಪ್ಪತ್ತು ಮೀಟರ್ ಆಸುಪಾಸಿನಲ್ಲಿದೆ, ತುದಿ 1712 ಮೀಟರ್. ಅಂದರೆ ಸುಮಾರು 1600 ಮೀಟರ್ ಏರು. ಮೊದಲರ್ಧ ದಟ್ಟ ಕಾಡು, ಗಿರಿಗದ್ದೆಯ ಭಟ್ಟರ ಮನೆ ಮತ್ತು ಅರಣ್ಯ ಇಲಾಖೆಯ ಚೌಕಿ ದಾಟಿದ ಮೇಲೆ ನೆರಳಿಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ, ನಡುವೆ ಮತ್ತೊಂದು ಕಾಡಿನ ತುಣುಕು, ಕೊನೆಗೆ ತುದಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸರಳ ಸೂತ್ರ ಇಂದಿಗೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರಂತೆ ಗಟ್ಟಿಮುಟ್ಟಾದವರು ಎಲ್ಲೂ ಕೂರದೆ ಐದೂಕಾಲು ಗಂಟೆಯಲ್ಲಿ ತುದಿ ಸೇರಬಹುದು. ಮಗುವಿನ ವೇಗಕ್ಕೆ ನಡಿಗೆಯ ಪಾಲನ್ನು ತಿದ್ದಿದರೆ ಆರು ಗಂಟೆ. ಎತ್ತರದ ಮೆಟ್ಟಿಲು, ಬುತ್ತಿ, ನೀರು, ವಿರಾಮ, ದಾರಿಯ ಮೇಲಿನ ಸಹಸ್ರಪದಿಯ ದರ್ಶನ ಎಲ್ಲ ಸೇರಿಸಿ ಅದರ ಒಂದೂವರೆ ಪಟ್ಟು ಹಿಡಿದರೆ ಒಂಬತ್ತು ಗಂಟೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿ ಹಗಲು ಇರುವುದು ಹನ್ನೊಂದೂವರೆ ಗಂಟೆಯಷ್ಟೆ, ಇಳಿಯುವುದು ಇನ್ನೂ ಬಾಕಿ. ದೊಡ್ಡವರಿಗೆ ‘ಕಷ್ಟವಾದರೂ ಒಂದೇ ದಿನದಲ್ಲಿ ಆಗುತ್ತದೆ’ ಎನಿಸುವ ಹಾದಿ ಮಗುವಿಗೆ ಲೆಕ್ಕದಲ್ಲೇ ಆಗುವುದಿಲ್ಲ, ಅದು ಎಷ್ಟೇ ಚೂಟಿಯಾಗಿರಲಿ. 2024ರ ಜನವರಿಯಲ್ಲಿ ಈ ಹಾದಿಯಲ್ಲಿ ಸಾಲುಗಟ್ಟಿದ ಜನರ ದೃಶ್ಯಗಳು ಎಲ್ಲೆಡೆ ಹರಿದಾಡಿದ ನಂತರ ಅರಣ್ಯ ಇಲಾಖೆ ಆನ್‌ಲೈನ್ ನೋಂದಣಿ, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ತಂದಿತು. ಕಾಡಿಗೆ ಒಳ್ಳೆಯದಾದ ಈ ಕ್ರಮ ಮಕ್ಕಳಿಗೂ ಒಳ್ಳೆಯದೇ. ಇಕ್ಕಟ್ಟಿನ ದಾರಿಯಲ್ಲಿ ಹಿಂದಿನಿಂದ ಬರುವವರ ಅವಸರ ಮಗುವಿನ ಲಯವನ್ನು ಕೆಡಿಸುವಷ್ಟು ಬೇರಾವುದೂ ಕೆಡಿಸದು.

ಸಮಯ ಹೆಚ್ಚಾದಷ್ಟೂ ಮೀಸಲಿನ ಪ್ರಶ್ನೆ ಮುಂದೆ ಬರುತ್ತದೆ. ಶಾಖದಿಂದ ಆರಂಭಿಸೋಣ. 70 ಕಿಲೋ ವಯಸ್ಕರ ಚರ್ಮವನ್ನು ಹರಡಿದರೆ ಸುಮಾರು 1.85 ಚದರ ಮೀಟರ್, 20 ಕಿಲೋ ಮಗುವಿನದ್ದು ಸುಮಾರು 0.8. ಚಿಕ್ಕದಾಯಿತಲ್ಲ ಎನಿಸಬಹುದು, ಆದರೆ ಪ್ರತಿ ಕಿಲೋ ತೂಕಕ್ಕೆ ಭಾಗಿಸಿದರೆ ಮಗುವಿನ ಚರ್ಮ ದೊಡ್ಡವರದ್ದರ ಒಂದೂವರೆ ಪಟ್ಟು. ಶಾಖ ತುಂಬಿಡುವ ಒಡಲು ಚಿಕ್ಕದು, ಶಾಖ ಸೋರುವ ಮೈ ದೊಡ್ಡದು. ಲೋಟದ ಕಾಫಿ ಹಂಡೆಯ ನೀರಿಗಿಂತ ಬೇಗ ಆರುವುದು ಇದೇ ಕಾರಣಕ್ಕೆ. ಪ್ರತಿ ಸಾವಿರ ಮೀಟರ್ ಏರಿದಂತೆ ಗಾಳಿ ಸರಾಸರಿ ಆರೂವರೆ ಡಿಗ್ರಿ ತಣ್ಣಗಾಗುತ್ತದೆ, ಕುಕ್ಕೆಯ ಸೆಕೆಯಲ್ಲಿ ಹೊರಟವರಿಗೆ ತುದಿಯಲ್ಲಿ ಹತ್ತು ಡಿಗ್ರಿ ಕಡಿಮೆ ಸಿಗುತ್ತದೆ. ಅದರ ಮೇಲೆ ಬೆವರಿಗೋ ಮಂಜಿಗೋ ಒದ್ದೆಯಾದ ಹತ್ತಿಯ ಅಂಗಿ, ಮೇಲೊಂದು ಗಾಳಿ. ಹೈಪೋಥರ್ಮಿಯಾ, ಅಂದರೆ ಮೈಯೊಳಗಿನ ಉಷ್ಣತೆ 35 ಡಿಗ್ರಿಗಿಂತ ಕೆಳಗಿಳಿಯುವುದು, ಹಿಮಾಲಯದ ಸಂಗತಿ ಎಂದು ನಮ್ಮಲ್ಲಿ ಅನೇಕರ ನಂಬಿಕೆ. ಹಾಗೇನಿಲ್ಲ. ಹದಿನೈದು ಡಿಗ್ರಿ ಚಳಿ, ಒದ್ದೆ ಮೈ, ಬೀಸುವ ಗಾಳಿ, ನಡೆಯದೆ ಕೂತ ಒಂದು ಗಂಟೆ ಇವಿಷ್ಟು ಸೇರಿದರೆ ಪುಟ್ಟ ಮೈಗೆ ಅಪಾಯ ಎದುರಾಗಬಹುದು. ಮಾತು ಕಡಿಮೆಯಾದ, ಹೆಜ್ಜೆ ತೊಡರುವ, ಹಠವನ್ನೂ ಬಿಟ್ಟು ಸುಮ್ಮನಾದ ಮಗುವನ್ನು ‘ಈಗ ಜಾಣ ಆದ’ ಎಂದು ಮೆಚ್ಚಿಕೊಳ್ಳುವ ಮೊದಲು ಒಣ ಬಟ್ಟೆ ತೊಡಿಸುವುದು ಒಳ್ಳೆಯದು.

ಬಿಸಿಲಿನಲ್ಲಿ ಇದೇ ಚರ್ಮ ಎರಡು ಕಡೆಗೂ ಕೆಲಸ ಮಾಡುತ್ತದೆ. ಮಕ್ಕಳು ಬೆವರುವುದು ಕಡಿಮೆ, ಆದ್ದರಿಂದ ಸೆಕೆ ತಾಳಲಾರರು ಎಂದು ಬಹಳ ಕಾಲ ನಂಬಲಾಗಿತ್ತು. ಅಮೆರಿಕದ ಮಕ್ಕಳ ವೈದ್ಯರ ಸಂಘ 2011ರಲ್ಲಿ ಆ ನಿಲುವನ್ನು ತಿದ್ದಿತು. ಸಾಕಷ್ಟು ನೀರು ಕುಡಿದ ಮಗುವಿನ ಮೈ ತಣಿಸಿಕೊಳ್ಳುವ ಸಾಮರ್ಥ್ಯ ದೊಡ್ಡವರಿಗಿಂತ ಕಡಿಮೆಯೇನಲ್ಲ. ಅಗಲವಾದ ಚರ್ಮದ ಮೂಲಕ ಶಾಖ ಗಾಳಿಗೆ ಹೋಗುವುದರಿಂದ ಬೆವರಿನ ಕೊರತೆ ತುಂಬಿಕೊಳ್ಳುತ್ತದೆ. ಆದರೆ ಗಾಳಿಯೇ ಮೈಗಿಂತ ಬಿಸಿಯಾದಾಗ, ಹುಲ್ಲುಗಾವಲಿನ ಮಟಮಟ ಮಧ್ಯಾಹ್ನದಲ್ಲಿ ಬಂಡೆ ಶಾಖ ಉಗುಳುವಾಗ, ಅದೇ ಚರ್ಮ ಶಾಖವನ್ನು ಒಳಗೆ ಎಳೆದುಕೊಳ್ಳುತ್ತದೆ. ‘ಸಾಕಷ್ಟು ನೀರು ಕುಡಿದ’ ಎಂಬ ಶರತ್ತೂ ಕಂಡಷ್ಟು ಸುಲಭದ್ದಲ್ಲ. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಕಳೆದರೆ ಶ್ರಮದ ಸಾಮರ್ಥ್ಯ ಕುಗ್ಗತೊಡಗುತ್ತದೆ ಎಂಬುದು ವ್ಯಾಯಾಮ ವಿಜ್ಞಾನದ ರೂಢಿಯ ಮಾತು. 70 ಕಿಲೋದವರಿಗೆ ಅದು 1.4 ಲೀಟರ್, 20 ಕಿಲೋ ಮಗುವಿಗೆ 400 ಮಿಲಿಲೀಟರ್. ಎರಡು ಲೋಟ ನೀರಷ್ಟೇ ಅದರ ಅಂತರ! ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಓಡೆಡ್ ಬಾರ್-ಓರ್ ಅವರು ಮಕ್ಕಳು ನೀರು ಕೈಗೆ ಸಿಗುವಂತಿದ್ದರೂ ಬೇಕಾದಷ್ಟು ಕುಡಿಯುವುದಿಲ್ಲ ಎಂಬುದನ್ನು ತೋರಿಸಿದರು. ಸೆಕೆಯಲ್ಲಿ ಸೈಕಲ್ ತುಳಿದ ಹುಡುಗರಿಗೆ ಬರಿ ನೀರಿನ ಬದಲು ಹಣ್ಣಿನ ರುಚಿ ಬೆರೆಸಿ ಕೊಟ್ಟಾಗ ಹೆಚ್ಚು ಕುಡಿದರು, ಅದಕ್ಕೆ ಸಕ್ಕರೆ ಮತ್ತು ಚಿಟಿಕೆ ಉಪ್ಪು ಸೇರಿಸಿದಾಗ ಮತ್ತೂ ಹೆಚ್ಚು. ಉಪ್ಪು ಹಾಕಿದ ನಿಂಬೆ ಪಾನಕದ ಬಾಟಲಿ ಚೀಲದಲ್ಲಿರಲಿ ಎಂದು ಹೇಳಲು ಇದಕ್ಕಿಂತ ಪುರಾವೆ ಬೇಕಿಲ್ಲ.

ಆಹಾರದ ಮೀಸಲಿನ ವಿಷಯದಲ್ಲಿ ನಮ್ಮ ಊಹೆಗೆ ನಿಲುಕದ ಒಂದು ಸಂಗತಿಯಿದೆ. ಮಗುವಿನ ಮೈಯಲ್ಲಿ ಅತಿ ಹೆಚ್ಚು ಉಣ್ಣುವುದು ಕಾಲಲ್ಲ, ತಲೆ. ಕ್ರಿಸ್ಟೋಫರ್ ಕುಜಾವಾ ಮತ್ತು ಸಂಗಡಿಗರು 2014ರಲ್ಲಿ ಮಿದುಳಿನ ಸ್ಕ್ಯಾನ್‌ಗಳ ಆಧಾರದ ಮೇಲೆ ಲೆಕ್ಕ ಹಾಕಿದಂತೆ, ನಾಲ್ಕೈದು ವರ್ಷದ ಹೊತ್ತಿಗೆ ಮಗುವಿನ ದಿನದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಪಾಲು ಮಿದುಳಿಗೇ ಹೋಗುತ್ತದೆ. ವಿಶ್ರಾಂತ ಸ್ಥಿತಿಯ ಖರ್ಚಿಗೆ ಹೋಲಿಸಿದರಂತೂ ಮೂರರಲ್ಲಿ ಎರಡು ಪಾಲು. ದೊಡ್ಡವರಲ್ಲಿ ಇದು ಐದರಲ್ಲೊಂದು ಪಾಲಿನಷ್ಟು. ಬೆಟ್ಟ ಹತ್ತಿದರೂ ಹತ್ತದಿದ್ದರೂ ಈ ಬಾಡಿಗೆ ತಪ್ಪದು, ಅದನ್ನು ಗ್ಲೂಕೋಸ್ ರೂಪದಲ್ಲೇ ತೆರಬೇಕು. ಅದನ್ನು ಕೂಡಿಟ್ಟುಕೊಳ್ಳುವ ಲಿವರ್ ಪುಟ್ಟದು, ಸ್ನಾಯುವಿನಲ್ಲಿರುವ ಗ್ಲೈಕೊಜೆನ್ ಕೂಡ ಕಡಿಮೆ. ಮಕ್ಕಳ ಸ್ನಾಯು ಶ್ರಮದಲ್ಲಿ ಕೊಬ್ಬನ್ನು ಹೆಚ್ಚು ಉರಿಸುತ್ತದೆ, ಆಗಷ್ಟೇ ತಿಂದ ಸಕ್ಕರೆಯನ್ನು ದೊಡ್ಡವರಿಗಿಂತ ಚೆನ್ನಾಗಿ ಬಳಸುತ್ತದೆ. ಹೀಗಾಗಿ ಬೆಳಿಗ್ಗೆ ಹೊಟ್ಟೆ ತುಂಬ ತಿಂಡಿ, ತುದಿಯಲ್ಲಿ ಊಟ ಎಂಬ ದೊಡ್ಡವರ ಕ್ರಮ ಮಗುವಿಗೆ ಸರಿಹೊಂದದು. ಮುಕ್ಕಾಲು ಗಂಟೆಗೊಮ್ಮೆ ಒಂದು ತುಂಡು ಕಡಲೆಮಿಠಾಯಿ, ಬಾಳೆಹಣ್ಣು, ಖರ್ಜೂರ, ಬೆಲ್ಲ ಕಲಸಿದ ಅವಲಕ್ಕಿ ಇಂಥವು ಬೇಕು. ಇದನ್ನು ಲಂಚ ಕೊಟ್ಟು ನಡೆಸುವುದು ಎಂದು ಹಂಗಿಸುವವರಿದ್ದಾರೆ. ಲಂಚವೂ ಹೌದು, ಇಂಧನವೂ ಹೌದು. ಚಾರಣದ ಮಟ್ಟಿಗೆ ಎರಡನ್ನೂ ಬೇರ್ಪಡಿಸುವ ಅಗತ್ಯ ಕಾಣುವುದಿಲ್ಲ.

ಇಷ್ಟೆಲ್ಲ ಏಕೆ, ಹೊತ್ತುಕೊಂಡು ಹೋದರಾಯಿತು ಎಂಬ ಆಕ್ಷೇಪಣೆಗೆ ಮನುಷ್ಯನ ಇತಿಹಾಸದ ಬೆಂಬಲವಿದೆ. ಕಲಹಾರಿಯ ಡೋಬೆ ಪ್ರದೇಶದ ಕುಂಗ್ ಜನರೊಡನೆ ಇದ್ದು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ರಿಚರ್ಡ್ ಲೀ, ಅಲ್ಲಿನ ತಾಯಿ ಒಂದು ಮಗುವನ್ನು ಅದರ ಮೊದಲ ನಾಲ್ಕು ವರ್ಷಗಳಲ್ಲಿ ಸುಮಾರು 7800 ಕಿ.ಮೀ. ಹೊರುತ್ತಾಳೆ ಎಂದು ಅಂದಾಜಿಸಿದ್ದರು. ಅಮ್ಮನ ಮೈಗಂಟಿದ ಮಗು ಅವಳ ಶಾಖದಲ್ಲಿ ಪಾಲು ಪಡೆಯುತ್ತದೆ, ಹಸಿದಾಗ ಹಾಲು ಪಡೆಯುತ್ತದೆ. ಕಲಹಾರಿ ಸಮತಟ್ಟು ಬೇರೆ. ಇವತ್ತಿನ ಲೋಹದ ಚೌಕಟ್ಟಿನ ಬೆನ್ನುಚೀಲದಲ್ಲಿ ಕೂತ ಮಗುವಿನ ಸ್ಥಿತಿ ಹಾಗಲ್ಲ. ಹೊತ್ತು ಏರುವವರ ಸ್ನಾಯುಗಳು 500 ವ್ಯಾಟ್‌ಗೂ ಮೀರಿ ಶಕ್ತಿ ಉರಿಸುತ್ತಿದ್ದರೆ, ಸುಮ್ಮನೆ ಕೂತ 12 ಕಿಲೋ ಕೂಸಿನ ಮೈ ಉರಿಸುವುದು 35 ವ್ಯಾಟ್ ಆಸುಪಾಸು. ಅಪ್ಪ ಬೆವರೊರೆಸಿಕೊಂಡು ಸ್ವೆಟರ್ ಬಿಚ್ಚುವ ಹೊತ್ತಿಗೆ ಹಿಂದೆ ಕೂತ ಕೂಸಿನ ಕಾಲು, ನೇತಾಡುತ್ತಾ ರಕ್ತ ಸಂಚಾರ ಕಡಿಮೆಯಾಗಿ, ತಣ್ಣಗಾಗಿರುತ್ತದೆ. ತನಗೆ ಎಷ್ಟು ಚಳಿ ಎಂಬುದರಿಂದ ಮಗುವಿನ ಚಳಿಯನ್ನು ಅಳೆಯುವ ತಾಯಿತಂದೆಯರ ಸಹಜ ಬುದ್ಧಿ ಇಲ್ಲಿ ಕೈಕೊಡುತ್ತದೆ. ಅದೂ ಅಲ್ಲದೆ, ಹೊತ್ತವರು ಜಾರಿದರೆ ಇಬ್ಬರೂ ಬೀಳುತ್ತಾರೆ, ಅದರಲ್ಲಿ ಮಗು ಬೀಳುವುದು ತನ್ನ ಎತ್ತರದಿಂದಲ್ಲ, ದೊಡ್ಡವರ ಹೆಗಲಿನ ಎತ್ತರದಿಂದ.

ಬೀಳುವ ಮಾತು ಬಂದದ್ದರಿಂದ ಇಳಿಜಾರಿನ ಕಡೆ ಬರೋಣ, ಏಕೆಂದರೆ ಅನುಭವದ ಮೀಸಲು ಪರೀಕ್ಷೆಗೊಳಗಾಗುವುದು ಅಲ್ಲೇ. ಇಳಿಯುವಾಗ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ಭಾರ ತಡೆಯಬೇಕು. ದೊಡ್ಡವರಿಗೆ ಮರುದಿನ ಮೆಟ್ಟಿಲು ಇಳಿಯಲಾಗದಂತೆ ಮಾಡುವ ನೋವು ಇದರಿಂದ ಬರುವುದು. ಮಕ್ಕಳ ಸ್ನಾಯುವಿಗೆ ಈ ಪೆಟ್ಟು ಕಡಿಮೆ ಎಂದು ಅಳತೆಗಳು ಹೇಳುತ್ತವೆ. ಹಾಗಾಗಿ ಮಕ್ಕಳು ಇಳಿಜಾರಿನಲ್ಲಿ ಓಡುತ್ತಾರೆ, ತೊಡಕಿರುವುದು ಅಲ್ಲೇ. ಕಣ್ಣು, ಒಳಗಿವಿ, ಪಾದ ಈ ಮೂರರಿಂದ ಬರುವ ಸುದ್ದಿಯನ್ನು ಬೆರೆಸಿ ಸಮತೋಲ ಕಾಯುವ ಕಲೆ ಏಳರಿಂದ ಹತ್ತು ವರ್ಷದ ಹೊತ್ತಿಗಷ್ಟೇ ದೊಡ್ಡವರ ಮಟ್ಟಕ್ಕೆ ಹತ್ತಿರ ಬರುತ್ತದೆ. ಮೈಗೆ ಹೋಲಿಸಿದರೆ ತಲೆ ದೊಡ್ಡದಾದ್ದರಿಂದ ತೂಕದ ಕೇಂದ್ರವೂ ಮೇಲಿರುತ್ತದೆ. ಇದಕ್ಕಿಂತ ಮುಖ್ಯವಾದದ್ದನ್ನು ಮನಶ್ಶಾಸ್ತ್ರಜ್ಞೆ ಜೋಡಿ ಪ್ಲುಮರ್ಟ್ 1995ರಲ್ಲಿ ತೋರಿಸಿದರು. ಕೈಗೆ ಎಟಕುತ್ತದೆಯೇ, ದಾಟಲಾಗುತ್ತದೆಯೇ ಎಂದು ಮೊದಲೇ ಕೇಳಿ ಆಮೇಲೆ ಮಾಡಿಸಿ ನೋಡಿದಾಗ, ತಮ್ಮ ಅಳವಿಗೆ ತುಸುವೇ ಮೀರಿದ ಕೆಲಸಗಳನ್ನು ಆರು ಮತ್ತು ಎಂಟು ವರ್ಷದ ಮಕ್ಕಳು ‘ಆಗುತ್ತದೆ’ ಎಂದು ದೊಡ್ಡವರಿಗಿಂತ ಹೆಚ್ಚು ಸಲ ಹೇಳಿದರು. ಅಸಾಧ್ಯವಾದ ಬಂಡೆಯ ಎದುರು ಮಗು ತಾನಾಗಿಯೇ ನಿಲ್ಲುತ್ತದೆ. ಅಪಾಯವಿರುವುದು ಇನ್ನೇನು ದಾಟಬಹುದು ಎನಿಸುವ ತೋಡಿನಲ್ಲಿ, ಪಾಚಿ ಹಿಡಿದ ಬೇರಿನಲ್ಲಿ. ಆದ್ದರಿಂದ ಏರುವಾಗ ಹಿಂದಿರುವ ದೊಡ್ಡವರು ಇಳಿಯುವಾಗ ಮಗುವಿನ ಮುಂದಿರಬೇಕು.

ಅನುಭವದ ಮೀಸಲಿಗೆ ಇನ್ನೊಂದು ಮುಖವಿದೆ: ತನ್ನ ಮೈಯ ಸುದ್ದಿಯನ್ನು ಓದಿ ಮಾತಿನಲ್ಲಿ ಹೇಳುವ ಶಕ್ತಿ. ಎತ್ತರದ ಕಾಯಿಲೆಯ ವಿಷಯದಲ್ಲಿ ವೈದ್ಯರಿಗೆ ಇದು ದೊಡ್ಡ ತಲೆನೋವಾಗಿತ್ತು. ಮಕ್ಕಳಲ್ಲಿ ಆ ಕಾಯಿಲೆ ದೊಡ್ಡವರಿಗಿಂತ ಹೆಚ್ಚೇನೂ ಬರುವುದಿಲ್ಲ, ಆದರೆ ತಲೆ ಸಿಡಿಯುತ್ತಿದೆ, ವಾಕರಿಕೆ ಬರುತ್ತಿದೆ ಎಂದು ಎರಡು ವರ್ಷದ ಕೂಸು ಹೇಳುವುದು ಹೇಗೆ? 2001ರಲ್ಲಿ ಪರ್ವತ ವೈದ್ಯರ ಅಂತರರಾಷ್ಟ್ರೀಯ ಸಮಿತಿಯೊಂದು ಮಕ್ಕಳ ಬಗ್ಗೆ ಒಮ್ಮತದ ಹೇಳಿಕೆ ಹೊರಡಿಸಿತು. ಅದರ ಮೊದಲ ಲೇಖಕ ಆಂಡ್ರ್ಯೂ ಪೊಲಾರ್ಡ್, ಮುಂದೆ ನಮ್ಮಲ್ಲಿ ಕೋವಿಶೀಲ್ಡ್ ಎಂದು ಬಂದ ಆಕ್ಸ್‌ಫರ್ಡ್ ಲಸಿಕೆಯ ಪ್ರಯೋಗಗಳನ್ನು ನಡೆಸಿದ ಅದೇ ಮಕ್ಕಳ ವೈದ್ಯರು. ಎತ್ತರದಲ್ಲಿ ಪುಟ್ಟ ಮಗುವಿಗೆ ಏನೇ ಹುಷಾರು ತಪ್ಪಿದರೂ, ಬೇರೆ ಕಾರಣ ಖಚಿತವಾಗುವವರೆಗೆ ಎತ್ತರವೇ ಕಾರಣ ಎಂದು ತಿಳಿದು ಕೆಳಗಿಳಿಸಿ ಎಂಬುದು ಅದರ ತಿರುಳು. ಸಹ್ಯಾದ್ರಿಯಲ್ಲಿ ಆ ಎತ್ತರವಿಲ್ಲ, ಬೇರೆ ಮೌನಗಳಿವೆ. ಇಂಬಳ ಕಚ್ಚಿದ್ದು ಗೊತ್ತಾಗುವುದಿಲ್ಲ. ರಕ್ತ ಕಂಡಾಗ ಮಗು ಕಿರುಚುತ್ತದೆ, ಅಪಾಯ ಮಾತ್ರ ಇಲ್ಲ. ಉಣುಗು ಕಚ್ಚಿದ್ದೂ ಗೊತ್ತಾಗುವುದಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಅದರಿಂದ, ಅದರ ಕಾಲವೂ ಚಾರಣದ ಕಾಲದಂತೆ ಚಳಿಗಾಲದಿಂದ ಬೇಸಿಗೆಯವರೆಗೇ. ಸಂಜೆ ಕಂಕುಳು, ಕಿವಿಯ ಹಿಂಭಾಗ, ತಲೆಗೂದಲ ಬುಡ ಹುಡುಕಿ ನೋಡುವ ಕೆಲಸ ದೊಡ್ಡವರದ್ದು.

ಇನ್ನು ಬಲವಾದ ಆಕ್ಷೇಪಣೆಗೆ ಬರಬೇಕು. ಮಲೆನಾಡಿನ ಮಕ್ಕಳು ತಲೆಮಾರುಗಳಿಂದ ಕಾಡು, ತೋಡು, ಸಂಕ ದಾಟಿ ಮೈಲುಗಟ್ಟಲೆ ನಡೆದು ಶಾಲೆಗೆ ಹೋಗಿಲ್ಲವೇ? ಆಗ ಯಾರು ಚರ್ಮದ ವಿಸ್ತೀರ್ಣ ಅಳೆದಿದ್ದರು? ಹೋಗಿದ್ದಾರೆ, ನಿಜ. ಆದರೆ ಆ ಮಕ್ಕಳು ಹೋದದ್ದು ನಿತ್ಯದ ದಾರಿಯಲ್ಲಿ. ಯಾವ ಕಲ್ಲು ಜಾರುತ್ತದೆ, ಯಾರ ಮನೆಯಲ್ಲಿ ನೀರು ಸಿಗುತ್ತದೆ, ಮಳೆ ಹಿಡಿದರೆ ಯಾವ ಜಗಲಿಯಲ್ಲಿ ನಿಲ್ಲಬಹುದು ಎಂಬುದೆಲ್ಲ ಗೊತ್ತಿದ್ದ ದಾರಿ. ಅವರ ಮೀಸಲು ಮೈಯೊಳಗೆ ಇಲ್ಲದಿದ್ದರೂ ದಾರಿಯುದ್ದಕ್ಕೂ ಹರಡಿತ್ತು. ಈ ಮಾತಿಗೆ ಆಫ್ರಿಕದಿಂದ ಒಂದು ಸುಂದರ ಪುರಾವೆ ಸಿಗುತ್ತದೆ. ತಾಂಜಾನಿಯಾದ ಹಾಡ್ಜಾ ಜನರ ಮಕ್ಕಳು ಐದಾರು ವರ್ಷಕ್ಕೇ ಗುಂಪು ಕಟ್ಟಿಕೊಂಡು ಹಣ್ಣು, ಗಡ್ಡೆ ಹುಡುಕಲು ಹೋಗುತ್ತಾರೆ, ತಮ್ಮ ಆಹಾರದ ದೊಡ್ಡ ಪಾಲನ್ನು ತಾವೇ ಗಳಿಸುತ್ತಾರೆ. ಡೋಬೆಯ ಕುಂಗ್ ಮಕ್ಕಳು ಅದೇ ವಯಸ್ಸಿನಲ್ಲಿ ಬಿಡಾರದಲ್ಲೇ ಉಳಿಯುತ್ತಿದ್ದರು. ಇದನ್ನು ಹೋಲಿಸಿ ನೋಡಿದ ನಿಕೋಲಸ್ ಬ್ಲರ್ಟನ್ ಜೋನ್ಸ್ ಮತ್ತು ಸಂಗಡಿಗರು 1994ರಲ್ಲಿ ಕೊಟ್ಟ ವಿವರಣೆ ನೆಲಕ್ಕೆ ಸಂಬಂಧಿಸಿದ್ದು. ಹಾಡ್ಜಾ ನಾಡಿನಲ್ಲಿ ಬಿಡಾರದ ಹತ್ತಿರವೇ ಆಹಾರವಿದೆ, ಗುಡ್ಡಗಳು ದಿಕ್ಕು ತೋರುತ್ತವೆ. ಡೋಬೆಯಲ್ಲಿ ಆಹಾರ ದೂರ, ನಡುವೆ ನೀರಿಲ್ಲ, ಸಮತಟ್ಟಾದ ಪೊದೆಗಾಡಿನಲ್ಲಿ ದಾರಿ ತಪ್ಪುವುದು ಸುಲಭ. ಮಕ್ಕಳ ಕಾಲು ಎರಡೂ ಕಡೆ ಒಂದೇ. ನೀರು ಮತ್ತು ಗುರುತು ಎಲ್ಲಿವೆ ಎಂಬುದು ಅವರ ಅಲೆದಾಟದ ಎಲ್ಲೆಯನ್ನು ಗೊತ್ತುಮಾಡಿತು. ರಜೆಯ ಚಾರಣಕ್ಕೆ ಹೋಗುವ ಪೇಟೆಯ ಮಗು, ಅದು ಎಷ್ಟೇ ಗಟ್ಟಿಮುಟ್ಟಾಗಿರಲಿ, ಗುರುತಿಲ್ಲದ ನೆಲದಲ್ಲಿ ಕುಂಗ್ ಮಗುವಿನ ಸ್ಥಿತಿಯಲ್ಲಿರುತ್ತದೆ.

ಇಷ್ಟು ಎಚ್ಚರಿಕೆ ಬೇಕಾದರೆ ಮನೆಯಲ್ಲೇ ಇರಬಹುದಲ್ಲ ಎಂಬುದು ಕೊನೆಯ ಆಕ್ಷೇಪಣೆ. ಇಲ್ಲಿ ಹೊರಾಂಗಣದ ಪರ ವಾದಿಸುವವರ ಉತ್ಪ್ರೇಕ್ಷೆಯನ್ನೂ ಸ್ವಲ್ಪ ತಗ್ಗಿಸಬೇಕು. ಮಕ್ಕಳನ್ನು ಬಯಲಿಗೆ ಬಿಟ್ಟರೆ ಒಳ್ಳೆಯದೆಂಬುದಕ್ಕೆ ಇರುವ ಗಟ್ಟಿ ಪುರಾವೆಗಳಲ್ಲಿ ಒಂದು ಕಣ್ಣಿಗೆ ಸಂಬಂಧಿಸಿದ್ದು. ಚೀನಾದ ಗ್ವಾಂಗ್‌ಜೌ ನಗರದ ಶಾಲೆಗಳಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ದಿನಕ್ಕೆ 40 ನಿಮಿಷ ಹೆಚ್ಚುವರಿಯಾಗಿ ಹೊರಗೆ ಕಳೆಯಲು ಬಿಟ್ಟಾಗ, ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರ ಪ್ರಮಾಣ ನೂರಕ್ಕೆ 39.5ರಿಂದ 30.4ಕ್ಕೆ ಇಳಿಯಿತು ಎಂದು 2015ರ ವರದಿ ಹೇಳುತ್ತದೆ. ದೊಡ್ಡ ಲಾಭವೇ, ಆದರೆ ಅದು ದಿನವೂ ಅಂಗಳದಲ್ಲಿ ಸಿಗುವ ಲಾಭ, ವರ್ಷಕ್ಕೊಮ್ಮೆ ಪರ್ವತ ಹತ್ತಿದ್ದಕ್ಕೆ ಸಿಗುವುದಲ್ಲ. ಕಷ್ಟದ ಹಾದಿಯ ಪರವಾದ ವಾದ ಬೇರೆ. ಅಪಾಯವನ್ನು ತಾನೇ ಅಳೆದು ನಿಭಾಯಿಸುವ ಆಟಗಳ ಬಗ್ಗೆ ನಾರ್ವೆಯ ಎಲೆನ್ ಸಾಂಡ್‌ಸೆಟರ್ ಬಹುಕಾಲದಿಂದ ಬರೆಯುತ್ತಿದ್ದಾರೆ. 2024ರಲ್ಲಿ ಕೆನಡಾದ ಮಕ್ಕಳ ವೈದ್ಯರ ಸಂಘವೂ ಅಂಥ ಆಟಗಳ ಪರ ನಿಲುವು ತಳೆಯಿತು. ಎತ್ತರ, ವೇಗ, ಅಪರಿಚಿತ ನೆಲ ಇವುಗಳೊಡನೆ ಒಡನಾಡಿದ ಮಗುವೇ ತನ್ನ ಅಳವಿನ ಸರಿಯಾದ ಅಂದಾಜು ಕಲಿಯುವುದು. ಪ್ಲುಮರ್ಟ್ ಕಂಡ ತಪ್ಪು ಅಂದಾಜಿಗೆ ಮದ್ದು ಬಂಡೆಯ ಮೇಲೆಯೇ ಇದೆ, ಸೋಫಾದ ಮೇಲಿಲ್ಲ. ಆದರೆ ಆ ಕಲಿಕೆ ನಡೆಯಬೇಕಾದರೆ ನಿರ್ಧಾರ ಮಗುವಿನ ಕೈಯಲ್ಲಿ ಸ್ವಲ್ಪವಾದರೂ ಇರಬೇಕು. ತುದಿ ಮುಟ್ಟಲೇಬೇಕೆಂದು ದರದರನೆ ಎಳೆದೊಯ್ದ ಮಗು ಅಳತೆ ಕಲಿಯುವುದಿಲ್ಲ, ಅಪ್ಪನ ಹಠ ಎಷ್ಟು ದೊಡ್ಡದೆಂಬುದನ್ನು ಮಾತ್ರ ಕಲಿಯುತ್ತದೆ.

ಎಷ್ಟನೆಯ ವಯಸ್ಸಿಗೆ ಕರೆದೊಯ್ಯಬಹುದು ಎಂಬ ಪ್ರಶ್ನೆಗೆ ಚಾರಣ ಸಂಘಟಕರು ಒಂದೊಂದು ಅಂಕಿ ಹೇಳುತ್ತಾರೆ. ಆಡಳಿತದ ಅನುಕೂಲಕ್ಕೆ ಅಂಕಿ ಬೇಕು, ಬೇಡವೆನ್ನಲಾಗದು. ಆದರೆ ಇಲ್ಲಿಯವರೆಗಿನ ಲೆಕ್ಕ ನಿಜವಾದರೆ ವಯಸ್ಸಿಗಿಂತ ಮೊದಲು ಕೇಳಬೇಕಾದದ್ದು ಬೇರೆ: ಎಲ್ಲೆಲ್ಲಿಂದ ಹಿಂದಿರುಗಬಹುದು, ನೀರು ಎಲ್ಲೆಲ್ಲಿದೆ, ಒಬ್ಬರ ಕಾಲು ಉಳುಕಿದರೆ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬರು ಇದ್ದಾರೆಯೇ. ಕುಮಾರ ಪರ್ವತಕ್ಕೆ ಸೋಮವಾರಪೇಟೆಯ ಕಡೆ ಬೀದಳ್ಳಿಯಿಂದ ಇನ್ನೊಂದು ದಾರಿಯಿದೆ, ಸುಮಾರು ಏಳು ಕಿ.ಮೀ. ಎತ್ತರದ ಊರಿನಿಂದ ಹೊರಡುವುದರಿಂದ ಏರು ಕೂಡ ಬಹಳ ಕಡಿಮೆ. ಮಕ್ಕಳೊಡನೆ ಹೋಗುವವರು ನಕ್ಷೆ ನೋಡಿ ಇದನ್ನೇ ಆರಿಸುತ್ತಾರೆ. ಆದರೆ ಆ ದಾರಿಯ ನಡುವೆ ಗಿರಿಗದ್ದೆಯಂಥ ನೆಲೆಯಿಲ್ಲ, ತುದಿಯ ಬಳಿ ಕಡಿದಾದ ಬಂಡೆಯ ಮೈ ಹತ್ತಿ ಅದರಲ್ಲೇ ಇಳಿಯಬೇಕು. ಕುಕ್ಕೆಯ ದಾರಿ ಉದ್ದವಾದರೂ ಅರ್ಧಕ್ಕೆ ನಿಲ್ಲಲು ಅವಕಾಶ ಕೊಡುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟು, ಕಾಡಿನ ನೆರಳಲ್ಲೇ ಏರಿ, ಗಿರಿಗದ್ದೆಯಲ್ಲಿ ಬುತ್ತಿ ಬಿಚ್ಚಿ, ಮಧ್ಯಾಹ್ನ ಒಂದಕ್ಕೆ ಹಿಂದಿರುಗಿದರೆ ಸಂಜೆಯ ಬೆಳಕಿರುವಾಗಲೇ ಊರು ಸೇರಬಹುದು. ಅಲ್ಲಿಂದ ಮುಂದಕ್ಕೆ ಹೋಗುವುದೇ ಆದರೆ ಇಲಾಖೆಯ ಆಗಿನ ನಿಯಮ ರಾತ್ರಿ ತಂಗಲು ಬಿಡುತ್ತದೆಯೇ ಎಂಬುದನ್ನು ನೋಂದಣಿಯ ಹೊತ್ತಿನಲ್ಲೇ ಕೇಳಿಕೊಳ್ಳಬೇಕು. ಬಿಡದಿದ್ದರೆ ಆರು ವರ್ಷದವರ ಪಾಲಿಗೆ ಚಾರಣ ಗಿರಿಗದ್ದೆಗೇ ಮುಗಿಯಿತು, ಅದರ ಮೇಲಿನ ಹುಲ್ಲುಗಾವಲು ಅವರು ಹತ್ತು ಹನ್ನೊಂದಾದ ಮೇಲಿನ ಮಾತು.